ಬಿಳಿ ನಿಲುವಂಗಿಯ ಸವಾರರಿಗೆ ಬಿದ್ದ ಚಪ್ಪಾಳೆ

ತೊಂಬತ್ತರ ದಶಕದ ನಡುವಿನ ಮಾತು. ಚಳ್ಳಕೆರೆ ಮಾರುಕಟ್ಟೆಯಲ್ಲಿ ನಮ್ಮ ಶೇಂಗಾ ಮಂಡಿ ಇತ್ತು, ಅಪ್ಪನ ಜೊತೆ ನಾನೂ ಅದನ್ನು ನೋಡಿಕೊಳ್ಳುತ್ತಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಗೆಳೆಯನ ಟಿ.ವಿ. ರಿಪೇರಿ ಅಂಗಡಿ. ಹೈಸ್ಕೂಲಿನಿಂದಲೂ ಒಟ್ಟಿಗಿದ್ದವರು ನಾವು. ಮನೆಯಲ್ಲಿ ಅವನದು ಉರ್ದು, ನನ್ನ ಜೊತೆ ಅಪ್ಪಟ ನಮ್ಮೂರ ಕನ್ನಡ. ಇಬ್ಬರಿಗೂ ಸಿನಿಮಾ ಹುಚ್ಚು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಶಾಲೆಯೊಂದರ ಹಾಲ್ ಕೇಳಿ ಪಡೆದು, ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿ, ಹೊರದೇಶದ ಚಿತ್ರಗಳನ್ನು ತೋರಿಸುತ್ತಿದ್ದೆವು. ವಿ.ಸಿ.ಆರ್. ಅವನದು, ಕ್ಯಾಸೆಟ್ ತರಿಸುವುದು ನನ್ನ ಕೆಲಸ.

ಒಮ್ಮೆ ಅಮೆರಿಕದ ಹಳೆಯ ಮೂಕಿ ಚಿತ್ರವೊಂದನ್ನು ತರಿಸಿದೆ. ಸಿನಿಮಾ ಕಲೆಯ ದಿಕ್ಕನ್ನೇ ತಿರುಗಿಸಿದ ಚಿತ್ರವೆಂದು ಓದಿದ್ದೆ. ಅದರ ಬಗ್ಗೆ ದೊಡ್ಡ ತಕರಾರು ಇದೆಯೆಂದೂ ಆ ಬರಹದಲ್ಲಿತ್ತು, ಆದರೆ ಏನು ತಕರಾರು ಎಂಬುದನ್ನು ಬರೆದವರು ಬಿಡಿಸಿ ಹೇಳಿರಲಿಲ್ಲ. ಕ್ಯಾಸೆಟ್ಟುಗಳೆರಡೂ ಬೆಂಗಳೂರಿನ ಬಸ್ಸಿನಲ್ಲಿ ಬಂದು ಕೈಸೇರಿದ್ದು ಅದೇ ಭಾನುವಾರ ಬೆಳಿಗ್ಗೆ. ಮೊದಲೇ ನೋಡಲು ಹೊತ್ತಿರಲಿಲ್ಲ. ನಡುನಡುವೆ ಬರುವ ಇಂಗ್ಲಿಷ್ ಬರಹಗಳನ್ನು ನಾನು ಟಿ.ವಿ. ಪಕ್ಕ ನಿಂತು ಕನ್ನಡದಲ್ಲಿ ಹೇಳುವುದೆಂದು ಮಾತಾಯಿತು.

ಮೊದಲ ಕ್ಯಾಸೆಟ್ಟಿಗೆ ಇಡೀ ಹಾಲ್ ಬೆರಗಾಯಿತು. ಅಷ್ಟು ಹಳೆಯ ಕಾಲದಲ್ಲಿ ಗುಲಾಮಗಿರಿಯ ಪ್ರಶ್ನೆಗೆ ಅಮೆರಿಕದವರು ತಮ್ಮೊಳಗೇ ಮಾಡಿದ ಅಷ್ಟು ದೊಡ್ಡ ಯುದ್ಧವನ್ನು ಹೇಗೆ ತೆಗೆದರೋ! ಸೋತ ಸೈನಿಕ ಮನೆಗೆ ಮರಳುವಾಗ ಎಣ್ಣೆ ಮಿಲ್ಲಿನ ಹಿರಿಯರೊಬ್ಬರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

ಎರಡನೆಯದು ಶುರುವಾಗಿ ಸ್ವಲ್ಪ ಹೊತ್ತಿಗೆ ನನ್ನ ನಾಲಿಗೆ ತೊಡರತೊಡಗಿತು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ಅಲ್ಲಿ ಕುಡುಕರಂತೆ, ಹೆಣ್ಣುಮಕ್ಕಳ ಮೇಲೆ ಬೀಳುವವರಂತೆ ತೋರಿಸಿದ್ದರು. ಆ ವೇಷದಲ್ಲಿದ್ದವರು ಬಹುಪಾಲು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು. ಅವರನ್ನು ಬಗ್ಗುಬಡಿಯಲು ಮುಖ ಮುಚ್ಚುವ ಬಿಳಿ ನಿಲುವಂಗಿ ತೊಟ್ಟ ಕುದುರೆ ಸವಾರರು. ಚರಿತ್ರೆಯಲ್ಲಿ ಕಪ್ಪು ಜನರನ್ನು ಬೇಟೆಯಾಡಿ ಕೊಂದ ಗುಂಪು ಅದು. ಚಿತ್ರದಲ್ಲಿ ಅವರೇ ನಾಯಕರು. ಕೊನೆಗೆ ಗುಡಿಸಲಿನಲ್ಲಿ ಸಿಕ್ಕಿಬಿದ್ದ ಬಿಳಿಯ ಸಂಸಾರ, ಹೊರಗಿನಿಂದ ಆ ಮಸಿ ಮುಖದವರು ಮುರಿಯುತ್ತಿರುವ ಬಾಗಿಲು, ಧೂಳೆಬ್ಬಿಸಿಕೊಂಡು ಬರುವ ಕುದುರೆಗಳು, ಮತ್ತೆ ಬಾಗಿಲು, ಮತ್ತೆ ಕುದುರೆಗಳು. ನಾನು ಹೇಳುವುದನ್ನು ನಿಲ್ಲಿಸಿದ್ದೆ. ಯಾರಿಗೂ ನನ್ನ ಮಾತು ಬೇಕಿರಲಿಲ್ಲ. ಹಾಲ್ ತುಂಬ ಶಿಳ್ಳೆ, ಚಪ್ಪಾಳೆ. "ಬಂದ್ರು ಬಂದ್ರು, ಬಿಡಬ್ಯಾಡ್ರಲೇ!" ಎಂದು ಯಾರೋ ಕೂಗಿದರು.

ವಿ.ಸಿ.ಆರ್. ಪಕ್ಕ ಕೂತಿದ್ದ ಗೆಳೆಯ ಎದ್ದು ಹೊರಗೆ ಹೋದ. ತಿರುಗಿ ಬರಲಿಲ್ಲ.

ಆಗಿನ ದಿನಗಳು ಅಂಥವು. ಪೇಪರ್ ತೆರೆದರೆ ದೂರದೂರಿನ ಗಲಭೆಯ ಸುದ್ದಿ. ನಮ್ಮೂರಲ್ಲಿ ಏನೂ ಆಗಿರಲಿಲ್ಲ. ಆದರೂ ಹೋಟೆಲಿನಲ್ಲಿ ಚಹಾ ಕುಡಿಯುವಾಗ 'ಅವರು' ಎಂಬ ಮಾತಿಗೆ ಹೊಸದೊಂದು ರಾಗ ಬಂದಿತ್ತು. ಗೆಳೆಯ ಒಳಗೆ ಕಾಲಿಟ್ಟರೆ ಮಾತು ಶೇಂಗಾದ ರೇಟಿಗೆ ಹೊರಳುತ್ತಿತ್ತು. ಅದನ್ನು ಅವನೂ ಗಮನಿಸಿದ್ದ, ನಾನೂ ಗಮನಿಸಿದ್ದೆ, ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಮರುದಿನ ಅವನ ಅಂಗಡಿ ಮುಚ್ಚಿತ್ತು. ಅದರ ಮರುದಿನವೂ. ಪಕ್ಕದ ಪಂಚರ್ ಅಂಗಡಿಯವನನ್ನು ಕೇಳಿದೆ.

"ಮೊಳಕಾಲ್ಮೂರಿಗೆ ಹೋಗ್ಯಾನೆ ಕಣ್ರಿ, ಅಕ್ಕನ ಮನೆಗೆ. ಯಾವಾಗ ಬರ್ತಾನೋ ಹೇಳಿಲ್ಲ."

ನಾನು ಮೊಳಕಾಲ್ಮೂರಿನ ಬಸ್ ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮಗ್ಗಗಳ ಸದ್ದಿನ ಆ ಓಣಿಯಲ್ಲಿ ಬಾಗಿಲು ತೆರೆದದ್ದು ಅವನ ತಾಯಿ. ನನ್ನನ್ನು ಕಂಡು ಅವರ ಮುಖ ಅರಳಿತು.

"ಬಾ ಬೇಟಾ, ನಿಂಗೂ ಸುದ್ದಿ ಮುಟ್ತಾ? ಮಗಳಿಗೆ ಹೆಣ್ಣು ಮಗು ಆಗೈತೆ. ಹಿತ್ತಲಾಗೆ ಇದಾನೆ ನೋಡು."

ಅವನು ಬಾಣಂತಿಗೆ ನೀರು ಕಾಯಿಸುತ್ತ ಒಲೆ ಮುಂದೆ ಕೂತಿದ್ದ.

"ಸಿಟ್ಟು ಬಂದೈತೇನಲೇ?" ಎಂದೆ. ಜೋಡಿಸಿಕೊಂಡಿದ್ದೆಲ್ಲ ಅಷ್ಟಕ್ಕೇ ಮುಗಿದುಹೋಯಿತು.

"ಯಾರ ಮ್ಯಾಲೆ?"

"ನನ್ನ ಮ್ಯಾಲೆ. ಅಂಥಾ ಸಿನಿಮಾ ತಂದೆ. ಅವ್ರೆಲ್ಲ ಚಪ್ಪಾಳೆ ಹೊಡದ್ರು, ನೀನು ಎದ್ದು ಹೋದೆ."

ಅವನು ಕಟ್ಟಿಗೆಯನ್ನು ಒಳಕ್ಕೆ ತಳ್ಳಿದ. "ನಾನೂ ಹೊಡದೆ ಕಣಲೇ."

ನನಗೆ ಅರ್ಥವಾಗಲಿಲ್ಲ.

"ಬಾಗ್ಲು ಮುರೀತಿತ್ತಲ್ಲ, ಒಳಗೆ ಆ ಹುಡುಗಿ. ಬೇಗ ಬರ್ರಿ, ಬೇಗ ಬರ್ರಿ ಅಂತ ನನ್ನ ಜೀವನೂ ಕುದುರೆ ಜೊತಿಗೆ ಓಡ್ತಿತ್ತು. ಕೈ ತಾನೇ ಬಡೀತು. ಆಮ್ಯಾಲೆ ನೋಡ್ತೀನಿ, ಯಾರಿಗೆ ಚಪ್ಪಾಳೆ ಬಡಿದೆ ನಾನು? ನಾಳೆ ಯಾರಾನ ನನ್ನ ಮುಖಕ್ಕೆ ಹಂಗೇ ಮಸಿ ಬಳ್ದು ಬಾಗ್ಲಾಚೆ ನಿಲ್ಲಿಸಿದ್ರೆ, ಊರೆಲ್ಲ ಹಿಂಗೇ ಬಡೀತೈತೆ. ಹೆದ್ರಿಕೆ ಆತು ದೋಸ್ತ್. ಅದಕ್ಕೇ ಎದ್ದು ಹೋದೆ. ಮನೆಗೆ ಹೋದ್ರೆ ಅಕ್ಕನ ಸುದ್ದಿ ಬಂದಿತ್ತು, ಅಮ್ಮೀನ ಕರ್ಕೊಂಡು ಬಸ್ ಹತ್ತಿದೆ. ನಿನ್ನ ಮ್ಯಾಲೆ ಸಿಟ್ಟು ಯಾಕಲೇ, ಹುಚ್ಚ!"

ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಎದೆಯ ಮೇಲಿನ ಮೂಟೆಯನ್ನು ಯಾರೋ ಇಳಿಸಿದಂತಾಯಿತು. ಹಸಿವಾಗಿದೆ ಎಂದು ಗೊತ್ತಾದದ್ದೇ ಆಗ. ಅವನ ತಾಯಿ ತಂದ ಶಾವಿಗೆ ಪಾಯಸವನ್ನು ಕೇಳಿ ಕೇಳಿ ಹಾಕಿಸಿಕೊಂಡೆ.

ಮುಂದಿನ ತಿಂಗಳು ಅದೇ ಹಾಲಿನಲ್ಲಿ ಅದೇ ಎರಡನೆಯ ಕ್ಯಾಸೆಟ್ಟನ್ನು ಮತ್ತೆ ಹಾಕಿದೆವು. ಅವನದೇ ಹಟ. ನಾಲ್ಕು ಜನರ ಮುಂದೆ ಎಂದೂ ಮಾತಾಡದವನು ಕುದುರೆಗಳು ಓಡುವಾಗ ಚಿತ್ರ ನಿಲ್ಲಿಸಿ ಎದ್ದು ನಿಂತ.

"ಮೈ ಜುಂ ಅಂತೈತೆ, ಅಲ್ರಾ? ಹೋದ ಸಲ ನಾನೂ ಚಪ್ಪಾಳೆ ಹೊಡದೆ. ಈಗ ಬಾಗ್ಲಾಚೆ ಇರೋರು ನಿಮ್ಮೋರು ಅಂದ್ಕೊಂಡು ನೋಡ್ರಿ."

ಚಿತ್ರ ಮುಂದುವರಿಯಿತು. ಒಬ್ಬಾತ ಗೊಣಗುತ್ತ ಎದ್ದು ಹೋದ, ಉಳಿದವರು ಕೂತರು. ಚಪ್ಪಾಳೆ ಬೀಳಲಿಲ್ಲ. ಮುಗಿದ ಮೇಲೆ ಎಣ್ಣೆ ಮಿಲ್ಲಿನ ಹಿರಿಯರು, "ಚೆನ್ನಾಗಿ ತೆಗ್ದಾನೆ. ಚೆನ್ನಾಗಿ ತೆಗೆದಿದ್ದೇ ಮೋಸ ಆತು ನೋಡ್ರಿ," ಎಂದರು. ಕಲೆಯೆಂದರೆ ಕಲೆ ಎಂದು ಇಬ್ಬರು ವಾದಿಸಿದರು, ಹಾಗನ್ನಲು ಬರುವುದಿಲ್ಲ ಎಂದು ಉಳಿದವರು. ವಾದ ಬೀದಿಗೆ ಬಂದು, ಹೋಟೆಲ್ ಸೇರಿ, ಚಹಾದ ಮೇಲೆ ಚಹಾ ಆಯಿತು. ಗೆಳೆಯ ನಡುವೆ ಕೂತು ಎಲ್ಲರಿಗಿಂತ ಜೋರಾಗಿ ವಾದಿಸುತ್ತಿದ್ದ. ಅವನಿದ್ದಾನೆಂದು ಯಾರೂ ಮಾತು ಹೊರಳಿಸಲಿಲ್ಲ.

ಮನೆಯ ಕಡೆ ನಡೆಯುವಾಗ ಅವನು ಕೇಳಿದ, "ಬರೋ ತಿಂಗ್ಳು ಯಾವ್ದಾನ ನಗಿಸೋ ಸಿನಿಮಾ ತರಿಸ್ತೀಯಾ?"

ನಾನು ಎರಡು ಮಾತಾಡದೆ ಒಪ್ಪಿಕೊಂಡೆ.