ಅಮ್ಮ ಸೈಕಲ್ಲಿನಿಂದ ಇಳಿದ ಸಂಜೆ

ನಾನು ಚಿಕ್ಕವಳಿದ್ದಾಗ ದಾಸರಹಳ್ಳಿಗೆ ಬೆಳಗಾಗುತ್ತಿದ್ದದ್ದು ಕೋಳಿಯಿಂದಲ್ಲ, ಪೀಣ್ಯದ ಕಾರ್ಖಾನೆಗಳ ಸೈರನ್ನಿನಿಂದ. ಹೀಗೆ ಬರೆದು ಒಂದು ಕ್ಷಣ ನಿಲ್ಲಿಸಿದೆ. ಕೋಳಿಗಳೂ ಇದ್ದವು, ನಮ್ಮ ಮನೆಯಲ್ಲೇ ಇದ್ದವು. ಆದರೆ ಎಪ್ಪತ್ತರ ದಶಕದ ಕೊನೆಯ ಆ ದಿನಗಳನ್ನು ನೆನೆದರೆ ಮೊದಲು ಕೇಳುವುದು ಸೈರನ್ನು, ಆಮೇಲೆ ತುಮಕೂರು ರಸ್ತೆಯುದ್ದಕ್ಕೂ ಸೈಕಲ್ ಬೆಲ್ಲುಗಳು. ಶಿಫ್ಟು ಬದಲಾಗುವ ಹೊತ್ತಿಗೆ ರಸ್ತೆಯೇ ಕಾಣುತ್ತಿರಲಿಲ್ಲ. ಹ್ಯಾಂಡಲ್ಲಿಗೆ ಊಟದ ಕ್ಯಾರಿಯರ್ ತೂಗುಹಾಕಿಕೊಂಡ ಗಂಡಸರು, ಅವರ ಖಾಕಿ ಅಂಗಿಗಳಿಂದ ಬರುವ ಲೇತ್ ಎಣ್ಣೆಯ ವಾಸನೆ, ನಡುವೆ ಹಾರ್ನ್ ಹಾಕುತ್ತ ನುಸುಳುವ ಲಾರಿಗಳು. ಆ ಗುಂಪಿನಲ್ಲಿ ಹೆಂಗಸರಿರಲಿಲ್ಲ. ಒಬ್ಬಿಬ್ಬರು ಇದ್ದರೇನೋ, ನಾನು ನೋಡಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅಮ್ಮನಿಗೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ತಾಮ್ರದ ತಂತಿಯ ಕಾಯಿಲ್ ಸುತ್ತುವುದು. ತಾತನ ರಾಗಿ ಹೊಲ ಕಾರ್ಖಾನೆಗಳ ಪಾಲಾದ ಮೇಲೆ ಸುಮ್ಮನೆ ಕೂರುವುದೇ ಅವಳಿಗೆ ಶಿಕ್ಷೆಯಾಗಿತ್ತು, ಹಾಗಾಗಿ ಕೆಲಸ ತುಂಬ ಹಿಡಿಸಿತು. ಸಂಜೆ ಅವಳ ಬೆರಳುಗಳಲ್ಲಿ ತಂತಿಗೆ ಬಳಿಯುವ ವಾರ್ನಿಷ್ ವಾಸನೆ. ಎಷ್ಟು ತೊಳೆದರೂ ಬಿಡದು, ಮುದ್ದೆಗೂ ಹತ್ತುತ್ತಿತ್ತು. ತೊಂದರೆ ಇದ್ದದ್ದು ಬೆಳಗಿನ ಹೊತ್ತು. ಬೀದಿ ನಲ್ಲಿಯಲ್ಲಿ ನೀರು ಹಿಡಿಯದೆ ಮನೆ ಬಿಡುವಂತಿರಲಿಲ್ಲ, ನೀರು ಹಿಡಿದು ಹೊರಟರೆ ಮೊದಲ ಶಿಫ್ಟಿಗೆ ಸರಿಹೋಗುವ ಬಸ್ಸಿರಲಿಲ್ಲ. ಅಪ್ಪನದು ರಾತ್ರಿ ಪಾಳಿ. ಅವನೂ ಅವನ ಸೈಕಲ್ಲೂ ಮನೆ ಸೇರುವ ಮೊದಲೇ ಅವಳ ಕಾರ್ಖಾನೆಯ ಗೇಟು ಮುಚ್ಚಿಬಿಡುತ್ತಿತ್ತು.

ಹೀಗೇ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಸೂಪರ್‌ವೈಸರ್ ಹೇಳಿದ ದಿನ ಅಮ್ಮ ಚಪ್ಪಲಿ ಬಿಡುವುದಕ್ಕೂ ಮೊದಲು ಅಪ್ಪನಿಗೆ ಹೇಳಿದಳು: "ನಾನೂ ಸೈಕಲ್ ಕಲ್ತ್ಕಂತೀನಿ."

ಅಪ್ಪ ನಕ್ಕ. "ಸೀರೆ ಚೈನಿಗೆ ಸಿಕ್ಕಾಕ್ಕಂಡ್ರೆ?"

"ಸೀರೆ ನಂದು, ಚೈನೂ ನಂದು. ನಿಂಗೇನು?"

ಮೇನ್ ರೋಡಿನ ಬಾಷಣ್ಣನ ಸೈಕಲ್ ಅಂಗಡಿ ನಮ್ಮ ಮಕ್ಕಳ ಪಾಲಿಗೆ ಆಟದ ಮೈದಾನವಾಗಿತ್ತು. ಅವನು ಎಸೆದ ಹಳೇ ಟೈರುಗಳನ್ನು ಕೋಲಿನಲ್ಲಿ ಹೊಡೆದುಕೊಂಡು ಓಡುತ್ತಿದ್ದೆವು. ಪಂಕ್ಚರ್ ಸಲ್ಯೂಷನ್ನಿನ ವಾಸನೆಗೆ ಮೂಗೊಡ್ಡಿ ನಿಂತರೆ ಬೈದು ಓಡಿಸುತ್ತಿದ್ದ. ಅಲ್ಲಿ ಇಲ್ಲಿ ಸಿಕ್ಕಿದ ಭಾಗಗಳನ್ನು ಸೇರಿಸಿ ಅವನೇ ಅಮ್ಮನಿಗೊಂದು ಲೇಡೀಸ್ ಸೈಕಲ್ ಮಾಡಿಕೊಟ್ಟ. ಬಣ್ಣ ಹಸಿರು ಅಂತ ನನ್ನ ನೆನಪು. ಅಮ್ಮ ನೀಲಿ ಅನ್ನುತ್ತಾಳೆ. ಸೀಟನ್ನು ಎಷ್ಟು ಇಳಿಸಿದರೂ ಅವಳ ಕಾಲು ನೆಲಕ್ಕೆ ತಾಗಲಿಲ್ಲ.

"ಇನ್ನೂ ಇಳಿಸ್ಬೇಕಂದ್ರೆ ನೆಲಾನೇ ಮೇಲಕ್ಕೆ ಎತ್ಬೇಕು ಅಕ್ಕ," ಅಂದ ಬಾಷಣ್ಣ.

ಆಗ ಪೀಣ್ಯದ ಒಳಗಡೆ ಕೆಲವು ಕಡೆ ರಸ್ತೆಗಳಷ್ಟೇ ಬಂದಿದ್ದವು, ಶೆಡ್ಡುಗಳು ಇನ್ನೂ ಬಂದಿರಲಿಲ್ಲ. ಖಾಲಿ ಟಾರು ರಸ್ತೆ, ಎರಡೂ ಕಡೆ ಲಂಟಾನದ ಪೊದೆ, ನಡುವೆ ಒಂದು ಮೋರಿ, ಅದಕ್ಕೊಂದು ಮೋಟು ಕಟ್ಟೆ. ಅಮ್ಮ ಅಲ್ಲಿ ಕಲಿತಳು. ಕಟ್ಟೆಗೆ ಸೈಕಲ್ ಆನಿಸಿ ಹತ್ತುವುದು, ನಾನು ಕ್ಯಾರಿಯರ್ ಹಿಡಿದು ಹಿಂದೆ ಓಡುವುದು, ಒಂದು ಸುತ್ತು ಹಾಕಿ ಮತ್ತೆ ಕಟ್ಟೆಗೇ ಬಂದು ಕಾಲೂರುವುದು. ಕೆಲವು ದಿನಗಳಲ್ಲಿ ನಾನು ಓಡುವ ಅಗತ್ಯವೇ ಉಳಿಯಲಿಲ್ಲ. ಅಪ್ಪ ಒಂದು ಭಾನುವಾರ ಬಂದು ನೋಡಿ ತಲೆದೂಗಿದ. ಅವಳಿಗೆ ಇಳಿಯಲು ಬರುವುದಿಲ್ಲ ಎನ್ನುವುದು ನಮ್ಮ ಯಾರಿಗೂ ಹೊಳೆಯಲಿಲ್ಲ. ಹತ್ತುವುದು ಇಳಿಯುವುದು ಕಟ್ಟೆಯ ಕೆಲಸ, ನಡುವಿನದು ಮಾತ್ರ ತನ್ನದು ಎಂದೇ ಅವಳು ಕಲಿತುಬಿಟ್ಟಿದ್ದಳು.

ಗೊತ್ತಾದದ್ದು ಮೇನ್ ರೋಡಿಗೆ ಬಂದ ಮೇಲೆ. ನಮ್ಮ ಮನೆಯ ಜಗಲಿಯಿಂದ ಹತ್ತಿದ ಅಮ್ಮ ಇಳಿಯಬೇಕಾದರೆ ಇನ್ನೊಂದು ಜಗಲಿಯನ್ನೇ ಹುಡುಕಬೇಕಿತ್ತು. ಅಂದಿನಿಂದ ನಮ್ಮ ಮನೆಯ ವ್ಯಾಪಾರವೇ ಬದಲಾಯಿತು. ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ಹೋಗಬೇಕಾದ ಗಿರಣಿಗೆ ಒಳ್ಳೆಯ ಕಲ್ಲಿನ ಮೆಟ್ಟಿಲಿತ್ತು, ಹಿಟ್ಟು ಅಲ್ಲೇ. ಮೂಲೆಯ ಅಂಗಡಿಯ ಬೇಳೆಯಲ್ಲಿ ಹರಳು ಜಾಸ್ತಿ, ಆದರೆ ಅದಕ್ಕೆ ಸರಿಯಾದ ಎತ್ತರದ ಜಗಲಿ, ಬೇಳೆ ಅಲ್ಲೇ. ಹಿಂದೆಲ್ಲ ನಾವು ಸಾಮಾನು ತರುತ್ತಿದ್ದದ್ದು, ನನಗೆ ಕಡ್ಲೆಮಿಠಾಯಿ ಸಿಗುತ್ತಿದ್ದದ್ದು ಗಂಗಮ್ಮನ ಅಂಗಡಿಯಲ್ಲಿ. ಆ ಅಂಗಡಿ ರಸ್ತೆಯ ಮಟ್ಟಕ್ಕೇ ಇತ್ತು. ಅಮ್ಮ ಬೆಲ್ಲು ಮಾಡಿ ಮುಂದೆ ಹೋಗಿಬಿಡುತ್ತಿದ್ದಳು.

ಒಂದು ದಿನ ಗಂಗಮ್ಮ ನಮ್ಮನ್ನು ದಾರಿಯಲ್ಲೇ ಹಿಡಿದಳು. "ನಮ್ ಬ್ಯಾಳೇಲಿ ಏನವ್ವ ಕಲ್ಲು ಸಿಕ್ತು ನಿಂಗೆ?"

"ಬ್ಯಾಳೇಲೂ ಕಲ್ಲಿಲ್ಲ, ಬಾಗ್ಲಲ್ಲೂ ಕಲ್ಲಿಲ್ಲ. ಅದೇ ಕಣಕ್ಕ ತೊಂದ್ರೆ," ಅಂದಳು ಅಮ್ಮ, ಮತ್ತೆ ತನ್ನ ಕಷ್ಟ ಹೇಳಿಕೊಂಡಳು. ಗಂಗಮ್ಮ ಸೊಂಟ ಹಿಡಿದುಕೊಂಡು ನಕ್ಕಳು. ಆದರೆ ಆ ವಾರವೇ ಅವಳ ಅಂಗಡಿಯ ಮುಂದೆ ಗೋಡೆ ಕಟ್ಟುವ ಒಂದು ಸೈಜುಗಲ್ಲು ಬಂದು ಕೂತಿತು.

ಕಾರ್ಖಾನೆಯ ಮುಂದೆ ಮಾತ್ರ ಯಾವ ಕಲ್ಲೂ ಇರಲಿಲ್ಲ. ಗೇಟಿದ್ದದ್ದು ಒಳರಸ್ತೆಯಲ್ಲಿ. ಉದ್ದಕ್ಕೂ ಬರೀ ಕಾಂಪೌಂಡು, ಕಾಂಪೌಂಡಿಗೂ ರಸ್ತೆಗೂ ನಡುವೆ ಚರಂಡಿ. ಅಮ್ಮ ಮೇನ್ ರೋಡಿನ ಕೊನೆಯ ಟೀ ಅಂಗಡಿಯ ಜಗಲಿಯಲ್ಲೇ ಇಳಿದು, ಅಲ್ಲಿಂದ ಸೈಕಲ್ ತಳ್ಳಿಕೊಂಡು ಓಡುತ್ತಿದ್ದಳು. ಕೆಲವು ದಿನ ಗೇಟು ಸಿಗುತ್ತಿತ್ತು, ಕೆಲವು ದಿನ ಮುಚ್ಚಿರುತ್ತಿತ್ತು. ಕೊನೆಗೊಂದು ಶನಿವಾರ ಸೂಪರ್‌ವೈಸರ್, ಸೋಮವಾರವೂ ತಡವಾದರೆ ಒಳಗೆ ಬರುವುದೇ ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದ.

ಭಾನುವಾರ ಸಂಜೆ ಅಮ್ಮ ಸೈಕಲ್ ತೆಗೆದಾಗ ನಾನೂ ಜೊತೆಗಿದ್ದೆ. ರಜೆಯ ದಿನ, ಅಂಗಡಿಗಳ ಮುಂದೆಲ್ಲ ಜನ. ವಿಷಯ ತಿಳಿದಿದ್ದ ಗಂಗಮ್ಮ, ಕಾರ್ಖಾನೆ ಗೇಟಿನ ಮುಂದೂ ಒಂದು ಕಲ್ಲು ಹಾಕಿಸುತ್ತೇನೆ, ನಮ್ಮ ಹುಡುಗರು ಈಗಲೇ ಗಾಡಿಯಲ್ಲಿ ತಂದುಹಾಕುತ್ತಾರೆ ಎಂದಳು.

"ಬ್ಯಾಡ ಗಂಗಕ್ಕ," ಅಂದಳು ಅಮ್ಮ. "ನಾಳೆ ಇನ್ನೊಂದ್ ಗೇಟು ಅಂದ್ರೆ ಅಲ್ಗೂ ಕಲ್ಲು ಒತ್ಕಂಡ್ ಓಗ್ಲಾ?"

ಗಂಗಮ್ಮನದೇ ಕಲ್ಲಿನಿಂದ ಹತ್ತಿದಳು. ಮೂಲೆಯ ಅಂಗಡಿಯ ಜಗಲಿ ಬಂತು, ನಿಲ್ಲಲಿಲ್ಲ. ಗಿರಣಿಯ ಮೆಟ್ಟಿಲು ಬಂತು, ನಿಲ್ಲಲಿಲ್ಲ. ಬಾಷಣ್ಣನ ಅಂಗಡಿಯ ಮುಂದೆ, ಕಾಲೂರಲು ಏನೂ ಇಲ್ಲದ ಕಡೆ, ಬ್ರೇಕು ಒತ್ತಿ ಕಾಲು ಚಾಚಿದಳು. ನೆಲ ಸಿಗಲಿಲ್ಲ. ಸೈಕಲ್ ಸಮೇತ ಬಿದ್ದಳು. ನಾನು ಓಡಿದೆ. ನನ್ನನ್ನು ಕೈಯಿಂದ ಸರಿಸಿ, ಮೊಣಕೈಯ ಮಣ್ಣು ಒರೆಸಿ, ಸೈಕಲ್ಲನ್ನು ತಳ್ಳಿಕೊಂಡು ಹಿಂದಕ್ಕೆ ಹೋಗಿ ಮತ್ತೆ ಹತ್ತಿ ಬಂದಳು. ಮತ್ತೆ ಬಿದ್ದಳು. ಎಷ್ಟು ಸಲ ಬಿದ್ದಳೆಂದು ಹೇಳಲಾರೆ. ನಾನು ಈ ಕಥೆ ಹೇಳಿದಾಗಲೆಲ್ಲ ಒಂದು ಸಲ ಹೆಚ್ಚಾಗುತ್ತದೆ. ಅಮ್ಮನನ್ನು ಕೇಳಿದರೆ, ಒಂದೇ ಸಲ, ಅದೂ ಬಿದ್ದದ್ದಲ್ಲ, ಜಾರಿದ್ದು ಅನ್ನುತ್ತಾಳೆ.

ಟೀ ಕುಡಿಯುತ್ತ ನಿಂತಿದ್ದ ಒಬ್ಬ, "ಸರ್ಕಸ್ಸಿಗೆ ಟಿಕೀಟು ಎಲ್ಲಿ ಕೊಡ್ತಾರೆ ಗುರು?" ಅಂದ. ಬಾಷಣ್ಣ ಸ್ಪ್ಯಾನರ್ ಹಿಡಿದುಕೊಂಡೇ ಎದ್ದು ನಿಂತ. ಆ ಮನುಷ್ಯ ತನ್ನ ಟೀ ಮುಗಿಸುವುದರ ಕಡೆ ಗಮನ ಕೊಟ್ಟ.

ಒಂದು ಸಲ ಬಿದ್ದದ್ದು ರಸ್ತೆಯ ನಡುವಿಗೆ. ಹಿಂದೆಯೇ ಕಬ್ಬಿಣದ ಸರಳು ಹೇರಿದ ಲಾರಿಯೊಂದು ಬಂದು ನಿಂತಿತು. ಡ್ರೈವರು ಹಾರ್ನ್ ಹಾಕಲಿಲ್ಲ. ಎಂಜಿನ್ನನ್ನೇ ಆರಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ನಿಧಾನಕ್ಕೆ ಎದ್ದೇಳಕ್ಕ. ನನ್ ಕಬ್ಣ ಏನ್ ಹಳಸೋಗಲ್ಲ."

ಅವನ ಹಿಂದೆ ಇನ್ನೊಂದು ಲಾರಿ, ಒಂದು ಬಸ್ಸು, ಲೆಕ್ಕವಿಲ್ಲದಷ್ಟು ಸೈಕಲ್ಲು ನಿಂತವು. ಅಮ್ಮ ಎದ್ದಳು, ಹ್ಯಾಂಡಲ್ ತಿರುಚಿತ್ತು. ಬಾಷಣ್ಣ ಮುಂದಿನ ಗಾಲಿಯನ್ನು ಕಾಲ ಸಂದಿಯಲ್ಲಿ ಹಿಡಿದು ನೆಟ್ಟಗೆ ಮಾಡಿಕೊಟ್ಟ. ಅವಳು ಅವನಿಗೆ ಥ್ಯಾಂಕ್ಸ್ ಕೂಡ ಹೇಳದೆ ಮತ್ತೆ ಗಂಗಮ್ಮನ ಕಲ್ಲಿನ ಕಡೆಗೆ ನಡೆದಳು.

ಈ ಸಲ ಸೈಕಲ್ ಇನ್ನೂ ಓಡುತ್ತಿರುವಾಗಲೇ ಸೀಟಿನಿಂದ ಮುಂದಕ್ಕೆ ಜಾರಿ, ಒಂದು ಪೆಡಲಿನ ಮೇಲೆ ನಿಂತು, ಇನ್ನೊಂದು ಕಾಲನ್ನು ನೆಲಕ್ಕೆ ಬಿಟ್ಟಳು. ನಾಲ್ಕು ಹೆಜ್ಜೆ ಕುಂಟೆಬಿಲ್ಲೆ ಆಡುವವಳಂತೆ ಕುಪ್ಪಳಿಸಿ ನಿಂತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ಹೊತ್ತೂ ಕಾದಿದ್ದ ಲಾರಿಯವನು ಎಂಜಿನ್ ಚಾಲೂ ಮಾಡಿದ. ಅವಳು ಮಾತ್ರ ಇನ್ನೂ ಹಲವು ಸಲ ಹೋಗಿ ಬಂದು ಇಳಿದಳು, ಮರೆತುಬಿಡುವೆನೋ ಎಂಬಂತೆ.

ಸೋಮವಾರ ಸೈರನ್ ಕೂಗುತ್ತಿರುವಾಗಲೇ ಅವಳು ಗೇಟಿನ ಮುಂದೆ ಇಳಿದಳು. ಕಾವಲುಗಾರ ಮುಚ್ಚಲು ಹೊರಟಿದ್ದ ಬಾಗಿಲನ್ನು ಹಾಗೇ ಹಿಡಿದು ನಿಂತ. ಈ ಚಿತ್ರ ನನಗೆ ನಿಚ್ಚಳವಾಗಿದೆ, ಕಾವಲುಗಾರನ ಮೀಸೆ ಸಮೇತ. ಆದರೆ ಆಗ ನಾನು ಮನೆಯಲ್ಲಿ ಮಲಗಿದ್ದೆ. ಅವಳು ಹೇಳಿದ್ದಕ್ಕೆ ಮೀಸೆಯನ್ನು ನಾನೇ ಅಂಟಿಸಿರಬೇಕು. ಅವಳು ಅಲ್ಲೇ ಕಾಯಂ ಆದಳು, ನಾನು ಕಾಲೇಜು ಸೇರುವವರೆಗೂ ಅದೇ ಸೈಕಲ್ಲಿನಲ್ಲಿ ಹೋಗಿಬಂದಳು. ಅದರಲ್ಲಿ ಅನುಮಾನವಿಲ್ಲ.

ಮೊನ್ನೆ ಇದನ್ನು ಬರೆಯುವ ಮೊದಲು ಆ ಜಾಗ ನೋಡಲು ಹೋಗಿದ್ದೆ. ಮೇಲೆ ಮೆಟ್ರೋ, ಕೆಳಗೆ ಕಂಬಗಳು, ಕಂಬಗಳ ಎರಡೂ ಕಡೆ ಎಡೆಬಿಡದೆ ಹರಿಯುವ ವಾಹನ. ಬಾಷಣ್ಣನ ಅಂಗಡಿ ಯಾವ ಕಂಬದ ಹತ್ತಿರವಿತ್ತೆಂದು ಗುರುತಿಸಲಾಗಲಿಲ್ಲ. ಅದಕ್ಕೆ ನನಗೆ ಅಷ್ಟು ಬೇಸರವಾಗಲಿಲ್ಲ, ಅಂಗಡಿಗಳು ಹೋಗುತ್ತವೆ. ರಸ್ತೆಯಂಚಿನಲ್ಲಿ ನಿಂತು ನಾನು ಹುಡುಕಿದ್ದು ಬೇರೆಯದನ್ನು: ನನ್ನ ವಯಸ್ಸಿನ ಹೆಂಗಸೊಬ್ಬಳು ಇಲ್ಲಿ ಇವತ್ತು ಏನನ್ನಾದರೂ ಹೊಸದಾಗಿ ಕಲಿಯಲು ಹೊರಟು ಬಿದ್ದರೆ, ಅವಳು ಎದ್ದು ಸೀರೆ ಸರಿಮಾಡಿಕೊಳ್ಳುವವರೆಗೆ ಎಂಜಿನ್ ಆರಿಸಿ ಕಾಯುವಷ್ಟು ಪುರುಸೊತ್ತನ್ನು. ಬಹಳ ಹೊತ್ತು ನಿಂತಿದ್ದೆ. ರಸ್ತೆಗೆ ಒಂದು ಹೆಜ್ಜೆ ಇಳಿಯುವಷ್ಟು ಬಿಡುವೂ ಸಿಗಲಿಲ್ಲ.