ಕಿವಿಗೊಂದು ಒಗಟು

ಬೀದಿಯವರೆಲ್ಲ ಅವಳನ್ನು ಮಿಷನಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಯಂತ್ರ ಬಿಚ್ಚಿ ಜೋಡಿಸಿದ ಕೈ ಅವಳದು. ತನ್ನ ರಿಪೇರಿ ಅಂಗಡಿಗೆ ಯಂತ್ರ ಬಂದೊಡನೆ ಕಣ್ಣು ಮುಚ್ಚಿ ಚಕ್ರ ತಿರುಗಿಸುತ್ತಿದ್ದಳು. ಕಿವಿ ಒಪ್ಪಿದ ಮೇಲೆಯೇ ಸ್ಕ್ರೂಡ್ರೈವರ್ ಮುಟ್ಟುತ್ತಿದ್ದಳು.

ಭಾರದ ಯಂತ್ರ ಹೊತ್ತು ಬಸ್ಸಿಳಿದು ಬರುವ ಹೆಂಗಸರನ್ನು ಕಂಡು ಮರುಗಿ, ಅವರೇ ಮನೆಯಲ್ಲಿ ರಿಪೇರಿ ಕಲಿಯಲೆಂದು ಪಾಠಗಳ ವೀಡಿಯೊ ಮಾಡಿ ಹಾಕತೊಡಗಿದಳು. ಒಂದೊಂದೂ ನಲವತ್ತು ನಿಮಿಷ.

"ಹನ್ನೊಂದು ಜನ ನೋಡಿದಾರೆ ಅತ್ತಿಗೆ," ಎಂದಳು ಫೋನ್ ಹಿಡಿದು ಚಿತ್ರೀಕರಿಸುತ್ತಿದ್ದ ನಾದಿನಿ. "ಅದ್ರಲ್ಲಿ ಮೂರು ಸಲ ನಾನೇ."

ಬೀದಿಯ ಕೊನೆಯಲ್ಲಿ ಹೊಸ ಯಂತ್ರ ಮಾರುವ ಅವಳ ಅಣ್ಣ ನಕ್ಕ. "ಇದೊಂದು ತಿಂಗಳು ಆಡ್ಕೋ. ಆಮೇಲೆ ಶಟರ್ ಎಳೆದು ನನ್ನ ಕೌಂಟರ್‌ನಲ್ಲಿ ಬಂದು ಕೂತ್ಕೋ."

"ತಿಂಗಳೊಳಗೆ ಸಾವಿರ ಜನ ಪಾಠ ನೋಡ್ದಿದ್ರೆ ಬರ್ತೀನಿ," ಎಂದು ಅವಳು ಮಾತು ಕೊಟ್ಟಳು.

ನಾದಿನಿಯ ಸಲಹೆಯಂತೆ ಒಂದು ನಿಮಿಷದ ವೀಡಿಯೊ ಹಾಕಿದಳು: ದೋಷ, ಪರಿಹಾರ ಎರಡೂ ಅದರಲ್ಲೇ. ಹದಿನೆಂಟು ಸಾವಿರ ಜನ ನೋಡಿದರು. ಪಾಠದತ್ತ ಬಂದವರು ಮೂವರು. ಅರ್ಧಂಬರ್ಧ ಕಲಿತ ಒಬ್ಬಳಂತೂ ಬರೆದಿದ್ದಳು: "ನೀವು ಹೇಳಿದ ಹಾಗೇ ಬಿಗಿದೆ, ಸೂಜಿ ಮುರೀತು."

ಆ ಮುರಿದ ಸೂಜಿ ಮಿಷನಕ್ಕನ ಎದೆಗೇ ಚುಚ್ಚಿತು. ವೀಡಿಯೊ ಅಳಿಸಿದಳು. "ಬಾಗಿಲಲ್ಲೇ ಹೊಟ್ಟೆ ತುಂಬಿಸಿದ್ರೆ ಒಳಗೆ ಊಟಕ್ಕೆ ಯಾರು ಬರ್ತಾರೆ?" ಎಂದಳು.

ಮರುದಿನದ ವೀಡಿಯೊದಲ್ಲಿ ಇದ್ದದ್ದು ಅವಳ ಕೈ, ತಿರುಗುವ ಚಕ್ರ, ಒಂದು ಸದ್ದು. ಟಕ ಟಕ ಟಕ, ಕಟಕ್! ಕೆಳಗೆ ಒಂದೇ ಸಾಲು: ಇದರ ಕಾಯಿಲೆ ಏನು? ಉತ್ತರ ಪಾಠದಲ್ಲಿದೆ.

"ಮುಖ ಇಲ್ಲ, ಹಾಡಿಲ್ಲ! ಯಾರು ನೋಡ್ತಾರೆ ಅತ್ತಿಗೆ?"

"ನೋಡೋದು ಬೇಡ. ಕೇಳ್ಲಿ."

ಜನ ಕೇಳಿದರು. ಬೆಲ್ಟ್ ಎಂದರು, ಬಾಬಿನ್ ಎಂದರು, ಒಬ್ಬರೊಡನೊಬ್ಬರು ಜಗಳಾಡಿದರು, ಕೊನೆಗೆ ತಡೆಯಲಾರದೆ ಪಾಠದೊಳಗೆ ಬಂದರು. ದಿನಕ್ಕೊಂದು ಸದ್ದು, ವಾರಕ್ಕೊಂದು ಪಾಠ. ಕೈಬೆರಳಿನ ಎಣ್ಣೆ ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. ತಿಂಗಳ ಕೊನೆಯ ಹೊತ್ತಿಗೆ ಹೊಸ ಸದ್ದು ಹಿಡಿಯಲು ಅಂಗಡಿಯಲ್ಲಿ ಕೆಟ್ಟ ಯಂತ್ರಗಳೇ ಉಳಿಯಲಿಲ್ಲ. ಪಾಠ ನೋಡಿದವರ ಲೆಕ್ಕ ಒಂಬೈನೂರ ನಲವತ್ತಕ್ಕೆ ನಿಂತಿತು.

ಅವಳು ಶಟರಿನ ಬೀಗದ ಕೈ ತೆಗೆದುಕೊಂಡು ಅಣ್ಣನ ಅಂಗಡಿಗೆ ನಡೆದು, ಅದನ್ನು ಅವನ ಕೌಂಟರ್ ಮೇಲಿಟ್ಟಳು.

"ಮಾತು ಅಂದ್ರೆ ಮಾತು. ನಾಳೆಯಿಂದ ನಿನ್ನ ಕೌಂಟರ್‌ಗೆ ಬರ್ತೀನಿ. ಆದ್ರೆ ಪಾಠ ನಿಲ್ಸಲ್ಲ. ಹಳೇದು ತಗೊಂಡು ಹೊಸದು ಕೊಡ್ತೀಯಲ್ಲ, ಆ ಹಳೇ ಮಿಷನ್ನುಗಳೆಲ್ಲ ನಿನ್ನ ಗೋದಾಮಲ್ಲಿ ಬಿದ್ದಿವೆ. ಅವುಗಳ ಸದ್ದು ನಂಗೆ ಬೇಕು."

"ಶ್!" ಎಂದ ಅಣ್ಣ. ಫೋನಿನಿಂದ ಕತ್ತೆತ್ತಲಿಲ್ಲ. ಫೋನಿನಲ್ಲಿ ಅವಳದೇ ದನಿ, ಪಾಠದ ಮೂವತ್ತೊಂದನೇ ನಿಮಿಷ. "ನಿನ್ನೆ ಸದ್ದಿಗೆ ಬೆಲ್ಟೇ ಅಂತ ಪಂಥ ಕಟ್ಟಿದೀನಿ. ಬೆಲ್ಟ್ ತಾನೆ?" ಎಂದು ಅವಳನ್ನು ಕೇಳಿದ.

"ಪಾಠದಲ್ಲಿದೆ."

"ಒಡಹುಟ್ಟಿದೋನಿಗೂ ಹೇಳಲ್ವೇನೇ?"

"ಒಡಹುಟ್ಟಿದೋನಿಗೆ ಅಂತಲೇ ಹೇಳ್ತಿದೀನಿ. ಪೂರ್ತಿ ನೋಡು."

ಅವನು ಗೊಣಗುತ್ತ ಅವಳ ಬೀಗದ ಕೈಯನ್ನು ಹಿಂದಕ್ಕೆ ತಳ್ಳಿದ. ಮೊಳೆಗೆ ತೂಗುಹಾಕಿದ್ದ ಗೋದಾಮಿನ ಬೀಗದ ಕೈ ತೆಗೆದು ಅದರ ಪಕ್ಕಕ್ಕಿಟ್ಟ. ಕಣ್ಣು ಮಾತ್ರ ಫೋನಿನಲ್ಲೇ.

ಗೋದಾಮಿನ ಧೂಳಿನಲ್ಲಿ ಮಿಷನಕ್ಕ ಮೊದಲ ಯಂತ್ರದ ಚಕ್ರಕ್ಕೆ ಕೈ ಹಚ್ಚಿ ಕಣ್ಣು ಮುಚ್ಚಿದಳು.