ಎದುರು ಕಾರಿನವನ ಕೈ

ಇಂಗ್ಲೆಂಡಿನ ಸ್ಕಿಪ್ಟನ್ ಪೇಟೆಯಲ್ಲಿ ಜೀವಮಾನವೆಲ್ಲ ಜಮಖಾನೆ ಮಾರಿದ ಕ್ಲೈವ್ ಆರ್ಮರಾಡನಿಗೆ ಇದ್ದದ್ದು ಒಂದೇ ಆಸೆ, ಅದೂ ಚಡ್ಡಿ ಹಾಕುವ ವಯಸ್ಸಿನಲ್ಲಿ ಅಂಟಿಕೊಂಡದ್ದು. ತಾಯಿಯ ಜೊತೆ ಬಸ್ಸಿಗೆ ಕಾಯುತ್ತಿದ್ದಾಗ ಟಾಪು ಮಡಚಿಟ್ಟ, ಎರಡೇ ಸೀಟಿನ ಹಸಿರು ಕಾರುಗಳೆರಡು ಎದುರುಬದುರಾದವು. ಒಳಗಿದ್ದವರು ಒಬ್ಬರಿಗೊಬ್ಬರು ಕೈ ಎತ್ತಿದರು. ಹುಡುಗನೂ ಎತ್ತಿದ. ಅವರು ತಿರುಗಿಯೂ ನೋಡಲಿಲ್ಲ. ಬಸ್ಸು ಮಾತ್ರ ನಿಂತಿತು.

ನಿವೃತ್ತನಾದ ಮೇಲೆ ಅಂಥದೇ ಕಾರು ಕೊಂಡ. ವಯಸ್ಸಿನಲ್ಲಿ ತನಗಿಂತ ಹಿರಿದು, ಕೆಮ್ಮಿನಲ್ಲಿ ಸರಿಸಮ. ವಾರವೆಲ್ಲ ಅದಕ್ಕೆ ಮೇಣ ತಿಕ್ಕಿದ. ಹೆಂಡತಿ ಡೊರೀನ್, ಅಡುಗೆಮನೆ ನಲ್ಲಿ ಸೋರುತ್ತದೆಂದು ಹೇಳಿ ಹೇಳಿ ಸಾಕಾಗಿ, ಕೆಳಗೊಂದು ಬೋಗುಣಿ ಇಟ್ಟಳು.

ಈ ಕಾರಿನ ಕುಲದವರಲ್ಲಿ ಒಂದು ಮಡಿಯಿದೆ. ಆಕಾಶವೇ ಕಳಚಿ ಬಿದ್ದರೂ ಬಟ್ಟೆಯ ಟಾಪನ್ನು ತಲೆಮೇಲೆ ಎಳೆಯಬಾರದು, ಎಳೆದವನು ಹೇಡಿ. ಇಂಗ್ಲೆಂಡಿನಲ್ಲಿ ಕೂತು ಇಂಥ ನೇಮ ಮಾಡಿದ ಪುಣ್ಯಾತ್ಮ ನೆಗಡಿಯಲ್ಲೇ ಸತ್ತಿರಬೇಕು ಎಂಬುದೊಂದೇ ಡೊರೀನಳ ಸಮಾಧಾನ.

ಇಬ್ಬರೂ ಕಾರಿನಲ್ಲಿ ಹೊರಟ ಮೊದಲ ಭಾನುವಾರವೇ ಮಳೆ ಹಿಡಿಯಿತು. ಕನಸು ನನಸಾಗುವ ಮೊದಲೇ ನೆನೆಯಿತು.

"ಟಾಪು ಎಳಿ ಮಹಾರಾಯ, ಬೆನ್ನೊಳಗೆ ನೀರು ಇಳೀತಿದೆ."

"ಎಳೆದ್ರೆ ಯಾರೂ ಕೈ ಎತ್ತಲ್ಲ, ಡೊರೀನ್."

"ಈಗ ಯಾರು ಎತ್ತಿದ್ರು? ಆ ಟ್ರ್ಯಾಕ್ಟರಿನವನೂ ನಗ್ತಾ ಹೋದ."

ಆ ಹೊತ್ತಿಗೇ ತಿರುವಿನಲ್ಲಿ ಅಂಥದೇ ಹಸಿರು ಕಾರೊಂದು ಎದುರು ಬಂತು. ಅದರ ಟಾಪು ಬಿಗಿಯಾಗಿ ಮುಚ್ಚಿತ್ತು. ಕ್ಲೈವ್ ಕೈ ಎತ್ತಿದ. ಮಂಜು ಕಟ್ಟಿದ ಗಾಜಿನ ಹಿಂದೆ ಒಂದು ಕೈ ಮೇಲೆದ್ದು ಅತ್ತಿಂದಿತ್ತ ಆಡಿತು.

"ಕಂಡ್ಯಾ? ಎತ್ತಿದ."

ಡೊರೀನ್ ಕಂಡಿದ್ದಳು. ಆ ಮನುಷ್ಯ ಅಂಗಿಯ ತೋಳನ್ನು ಅಂಗೈವರೆಗೆ ಎಳೆದುಕೊಂಡು ಗಾಜು ಒರೆಸುತ್ತಿದ್ದ. ಅವಳು ಗಂಡನ ಕಡೆ ತಿರುಗಿದಳು. ಮುದಿ ಹುಂಜದಂಥ ಕತ್ತಿನ ಮೇಲೆ ಬಸ್ಸಿಗೆ ಕಾಯುತ್ತಿದ್ದ ಆ ಪೋರನ ಮುಖ. ನಾಯಿಗೆ ಬಿಸ್ಕತ್ತು ಹಾಕುವಂತೆ ಹೇಳಿದಳು: "ಎತ್ತಿದ, ಎತ್ತಿದ. ಜನ್ಮ ಸಾರ್ಥಕ ಆಯ್ತಲ್ಲ, ಈಗ ಟಾಪು ಎಳಿ."

ಕ್ಲೈವ್ ಕಾರು ಬದಿಗೆ ಹಾಕಿದ. ಇಳಿಯಲಿಲ್ಲ.

"ಟಾಪು ಮನೇಲಿದೆ."

"ಏನು?"

"ಜೊತೇಲಿದ್ರೆ ನೀನು ಎಳಿ ಅಂತೀಯ ಅಂತ ಬಿಚ್ಚಿಟ್ಟು ಬಂದೆ."

ಡೊರೀನ್ ಟೋಪಿ ತೆಗೆದು, ಅದರಲ್ಲಿ ನಿಂತಿದ್ದ ನೀರನ್ನು ಆಚೆ ಚೆಲ್ಲಿ, ಮತ್ತೆ ಹಾಕಿಕೊಂಡಳು.

"ಗಾಜು ಒರೆಸ್ತಿದ್ದ ಕಣೋ ಅವನು," ಎಂದಳು.